ಠೂ ಬಿಟ್ಟವರ ಪಟ್ಟಿ

ತಿಪಟೂರಿನ ಕಲ್ಯಾಣ ಮಂಟಪವೊಂದರಲ್ಲಿ ಮೊನ್ನೆ ಎರಡನೇ ಪಂಕ್ತಿಗೆ ಕಾಯುತ್ತಿದ್ದೆ. ಪಂಕ್ತಿಗೆ ಕಾಯುವುದೆಂದರೆ ನಿಮಗೆ ಗೊತ್ತಲ್ಲ, ಮೊದಲ ಪಂಕ್ತಿಯಲ್ಲಿ ಉಣ್ಣುತ್ತಿರುವವರ ಬೆನ್ನ ಹಿಂದೆ ಒಬ್ಬೊಬ್ಬರು ಒಂದೊಂದು ಕುರ್ಚಿ ಹಿಡಿದು, ಅವರು ಮಜ್ಜಿಗೆಗೆ ಬಂದರೋ ಇಲ್ಲವೋ ಎಂದು ಎಲೆ ಇಣುಕುತ್ತಾ ನಿಲ್ಲುವುದು. ಹಾಗೆ ನಿಂತವನ ಹೆಗಲ ಮೇಲೆ ಒಂದು ಕೈ ಬಿತ್ತು. ತಿರುಗಿದರೆ ನನ್ನ ಷಡ್ಡಕರು.

“ಏನ್ ಭಾವ, ನಿಮ್ಮ ಫೋನಿಗೆ ಏನಾಗಿದೆ? ಎಂಟು ತಿಂಗಳಿಂದ ಮಾಡ್ತಾ ಇದೀನಿ. ಒಂದು ರಿಂಗ್ ಆಗತ್ತೆ, ಕಟ್ ಆಗತ್ತೆ. ಯಾವ ಕಂಪನಿ ಸಿಮ್ಮು?”

“ನಮ್ಮ ಏರಿಯಾದಲ್ಲಿ ನೆಟ್‌ವರ್ಕೇ ಇಲ್ಲ ಕಣ್ರೀ,” ಎಂದೆ.

ನಮ್ಮ ಎದುರು ಮನೆಯ ತಾರಸಿಯ ಮೇಲೆ ಟವರ್ ಇದೆ. ಗೃಹಪ್ರವೇಶಕ್ಕೆ ಬಂದಾಗ ಅದನ್ನು ನನಗೆ ತೋರಿಸಿದವರೇ ಅವರು. ತೋರಿಸಿ, “ಇಂಥದ್ದರ ಎದುರಿಗೆ ಇರೋರು ಒಂದು ಹೆಲ್ತ್ ಪಾಲಿಸಿ ಮಾಡಿಸಿಬಿಡೋದು ಒಳ್ಳೇದು ಭಾವ” ಎಂದಿದ್ದರು. ಹೋಮದ ಹೊಗೆ ಇನ್ನೂ ಆರಿರಲಿಲ್ಲ.

ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲೇ ಅವರ ಮಗಳಿದ್ದಳು, ಸೆಕೆಂಡ್ ಪಿಯುಸಿ. “ಕೊಡಿ ಇಲ್ಲಿ ದೊಡ್ಡಪ್ಪ, ಸೆಟ್ಟಿಂಗ್ಸ್‌ನಲ್ಲಿ ಏನೋ ಆಗಿರತ್ತೆ” ಎಂದು ಫೋನು ಕಸಿದುಕೊಂಡೇಬಿಟ್ಟಳು. ಬ್ಯಾಟರಿ ಇಲ್ಲ ಎಂದೆ. ಅರವತ್ತೆಂಟು ಪರ್ಸೆಂಟ್ ಇದೆ ಎಂದಳು. ಕರೆ ಮಾಡುವ ಆ್ಯಪ್ ತೆರೆದಳು, ಮೇಲಿನ ಮೂರು ಚುಕ್ಕೆ ಒತ್ತಿದಳು, ಸೆಟ್ಟಿಂಗ್ಸಿಗೆ ಹೋದಳು, ‘ನಿರ್ಬಂಧಿಸಿದ ಸಂಖ್ಯೆಗಳು’ ಎಂಬುದನ್ನು ಮುಟ್ಟಿದಳು. ನಾನು ಎಂಟು ತಿಂಗಳು ಕಾಪಾಡಿಕೊಂಡು ಬಂದ ಕುಟುಂಬದ ಗುಟ್ಟು ನಾಲ್ಕು ಬೆರಳೊತ್ತಿಗೆ ಬಯಲಾಯಿತು.

ಹುಡುಗಿ ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು. “ನೆಟ್‌ವರ್ಕೇ ಅಪ್ಪಾ” ಎಂದು ಫೋನು ನನ್ನ ಕೈಗಿಟ್ಟಳು.

ಊಟವಾದ ಮೇಲೆ ಕೈ ತೊಳೆಯುವ ಕಡೆ ಬಂದು ಪಿಸುಗುಟ್ಟಿದಳು: “ಬ್ಲಾಕ್ ಮಾಡಬಾರದು ದೊಡ್ಡಪ್ಪ, ಗೊತ್ತಾಗಿಬಿಡತ್ತೆ. ಮ್ಯೂಟ್ ಮಾಡಬೇಕು. ನಾನು ಅಪ್ಪನ್ನ ವಾಟ್ಸಾಪಲ್ಲಿ ಎರಡು ವರ್ಷದಿಂದ ಮ್ಯೂಟಲ್ಲಿ ಇಟ್ಟಿದೀನಿ.” ಆಮೇಲೆ ತನಗೆ ಇಷ್ಟವಾದ ಇಯರ್‌ಫೋನೊಂದರ ಹೆಸರು ಹೇಳಿದಳು. ಕಪ್ಪು ಬಣ್ಣದ್ದೇ ಆಗಬೇಕಂತೆ. 1,299 ರೂಪಾಯಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಪಟ್ಟಿಯನ್ನು ನಾನೇ ತೆರೆದೆ. ಹಾಕಿದ್ದು ನಾನೇ ಆದರೂ ಒಟ್ಟಾಗಿ ನೋಡಿದ್ದು ಅದೇ ಮೊದಲು. ನಲವತ್ತೊಂದು ನಂಬರು. ಬರೀ ನಂಬರು. ಹೆಸರಿಲ್ಲ, ತಾರೀಖಿಲ್ಲ, ಯಾವ ತಪ್ಪಿಗೆ ಒಳಗೆ ಹಾಕಿದ್ದು ಎಂಬ ಷರಾ ಇಲ್ಲ. ಹಳ್ಳಿಯ ಪೊಲೀಸ್ ಸ್ಟೇಷನ್ನಿನಲ್ಲೂ ಒಬ್ಬನನ್ನು ಒಳಗೆ ಕೂರಿಸಿದರೆ ಡೈರಿಯಲ್ಲಿ ಒಂದು ಸಾಲು ಬರೆಯುತ್ತಾರೆ. ನನ್ನ ಜೈಲಿನಲ್ಲಿ ನಲವತ್ತೊಂದು ಕೈದಿಗಳು, ಒಂದೇ ಒಂದು ಎಫ್‌ಐಆರ್ ಇಲ್ಲ. ಪ್ರತಿ ನಂಬರಿನ ಪಕ್ಕ ಒಂದು ಇಂಟು ಗುರುತು. ಅದನ್ನು ಒತ್ತಿದರೆ ಬಿಡುಗಡೆ. ಜಾಮೀನು, ಮುಚ್ಚಳಿಕೆ, ಏನೂ ಕೇಳುವುದಿಲ್ಲ.

ಒಂದು ಕಾಲಕ್ಕೆ ಯಾರನ್ನಾದರೂ ದೂರ ಇಡುವುದೆಂದರೆ ಸುಮ್ಮನೆ ಆಗುತ್ತಿತ್ತೇ? ಶಾಲೆಯಲ್ಲಿ ಠೂ ಬಿಡುವುದಕ್ಕೂ ಎದುರಿಗೆ ಹೋಗಿ ನಿಂತು, ಕಿರುಬೆರಳು ಚಾಚಿ, ಅವನ ಮುಖ ನೋಡಿ ಹೇಳಬೇಕಿತ್ತು. ಊರಿನಲ್ಲಿ ಬಹಿಷ್ಕಾರ ಹಾಕುವುದಕ್ಕೆ ಅರಳಿಕಟ್ಟೆಯ ಮೇಲೆ ಹತ್ತು ಜನ ಸೇರಬೇಕಿತ್ತು. ಅನ್ಯಾಯವೇ ಸರಿ, ಆದರೆ ಹಾಕಿಸಿಕೊಂಡವನಿಗೆ ಹಾಕಿದ್ದಾರೆ ಎಂಬುದಾದರೂ ತಿಳಿಯುತ್ತಿತ್ತು. ಲ್ಯಾಂಡ್‌ಲೈನ್ ಬಂದಾಗ ನಮ್ಮ ಮನೆಯಲ್ಲಿ ಬ್ಲಾಕ್ ಮಾಡುವ ವಿಧಾನ ಎರಡೇ: ರಿಸೀವರನ್ನು ಪಕ್ಕಕ್ಕೆ ತೆಗೆದಿಡುವುದು, ಇಲ್ಲವೇ ಮಗನ ಕೈಲಿ “ಅಪ್ಪ ಮನೇಲಿಲ್ಲವಂತೆ” ಎಂದು ಹೇಳಿಸುವುದು. ಆ ‘ವಂತೆ’ ಸೇರಿಸಿ ನಾನು ತಿಂದ ಏಟಿಗೆ ಲೆಕ್ಕವಿಲ್ಲ.

ಐಫೋನಿಗೆ ನಂಬರು ತಡೆಯುವ ಸೌಲಭ್ಯ ಬಂದದ್ದು 2013ರಲ್ಲಿ. ಆಂಡ್ರಾಯ್ಡಿನವರು 2016ರಲ್ಲಿ, ಏಳನೇ ಆವೃತ್ತಿಯಲ್ಲಿ, ಇಡೀ ಫೋನಿಗೆ ಒಂದೇ ಪಟ್ಟಿ ಎಂಬ ವ್ಯವಸ್ಥೆ ತಂದರು. ಅಂದಿನಿಂದ ಅರಳಿಕಟ್ಟೆ ನಮ್ಮ ಜೇಬಿನಲ್ಲಿದೆ. ಪಂಚರು ನಾವೇ, ಫಿರ್ಯಾದಿಯೂ ನಾವೇ. ತೀರ್ಪು ಕೊಡುವ ಹೊತ್ತಿನಲ್ಲಿ ಬಹುಮಟ್ಟಿಗೆ ನಾವು ಬಚ್ಚಲಮನೆಯಲ್ಲೋ ಸಿಗ್ನಲ್ಲಿನಲ್ಲೋ ಇರುತ್ತೇವೆ.

ನಲವತ್ತೊಂದರಲ್ಲಿ ಕೆಲವರ ಗುರುತು ಹತ್ತಿತು. ಕೊನೆಗೆ ಎರಡು ಸೊನ್ನೆ ಬರುವ ನಂಬರು ನಮ್ಮ ಕವಿಮಿತ್ರರದ್ದು. ರಾತ್ರಿ ಹತ್ತೂವರೆಗೆ ಫೋನು ಮಾಡಿ, “ಈಗಷ್ಟೇ ಆಯ್ತು, ಕೇಳಿ” ಎಂದು ಶುರು ಮಾಡುತ್ತಿದ್ದರು. ನಾನು ಹ್ಞೂಂಗುಟ್ಟುವುದನ್ನು ಮರೆತರೆ ಆ ಚರಣವನ್ನೇ ಮತ್ತೊಮ್ಮೆ ಓದುತ್ತಿದ್ದರು. ಇನ್ನೊಂದು ನಮ್ಮ ಹಳೇ ಬಾಡಿಗೆದಾರನದ್ದು, ಅಡ್ವಾನ್ಸ್ ವಾಪಸ್ ಕೇಳುತ್ತಿದ್ದ. ಕೊಡಬೇಕಾದದ್ದು ನಾನೇ. ಆದರೂ ಒಳಗೆ ಹಾಕಿದ್ದು ಅವನನ್ನು. ಮತ್ತೊಂದು ಪ್ಲಂಬರದು. ಸಿಂಕಿನ ಕೆಲಸಕ್ಕೆ ಸಾವಿರದ ಇನ್ನೂರು ಕೇಳಿದನೆಂದು ಸಿಟ್ಟಿನಲ್ಲಿ ಒತ್ತಿದ್ದೆ. ಆಮೇಲೆ ಬಂದವನು ಮೂರು ಸಾವಿರ ತೆಗೆದುಕೊಂಡ, ಸಿಂಕು ಈಗಲೂ ತೊಟ್ಟಿಕ್ಕುತ್ತದೆ.

ಹೀಗೆ ಗುರುತು ಸಿಕ್ಕವರೆಲ್ಲ ಮನುಷ್ಯರು. ಒಂದು ಹೆಸರು, ಒಂದು ಊರು, ಒಂದೇ ಒಂದು ನಂಬರು ಇರುವವರು. ಮಿಕ್ಕ ಮೂವತ್ತೇಳು ಯಾವುವು ಎಂದು ಯೋಚಿಸಿದರೆ ನಗು ಬಂತು. ಅವು ದೇವನಹಳ್ಳಿಯ ಸೈಟುಗಳು. ಏರ್‌ಪೋರ್ಟಿನಿಂದ ಇಪ್ಪತ್ತೇ ನಿಮಿಷ ಎಂದು ಹೇಳುವವರು, ಪರ್ಸನಲ್ ಲೋನ್ ಮಂಜೂರಾಗಿದೆ ಎನ್ನುವವರು, ಕ್ರೆಡಿಟ್ ಕಾರ್ಡಿಗೆ ಆಜೀವ ಶುಲ್ಕವಿಲ್ಲ ಎನ್ನುವವರು. ಅವರನ್ನು ಬ್ಲಾಕ್ ಮಾಡಿದ್ದೇನೆಂದು ನಾನು ತಿಳಿದಿದ್ದೆ. ಅವರು ಆ ನಂಬರನ್ನು ಅಂದೇ ಬಿಟ್ಟು ಬೇರೆಯದರಿಂದ ಮಾಡುತ್ತಿದ್ದಾರೆ. ದನ ಊರೆಲ್ಲ ಮೇಯುತ್ತಿದೆ, ನಾನು ಹಗ್ಗಕ್ಕೆ ಬೀಗ ಹಾಕಿ ಕೂತಿದ್ದೇನೆ. ಬ್ಲಾಕ್ ಎಂಬ ಅಸ್ತ್ರ ನಾಟುವುದು ಒಂದೇ ನಂಬರಿಟ್ಟುಕೊಂಡು ಬದುಕುವ ಬಡಪಾಯಿಗಳಿಗೆ. ಸಾವಿರ ನಂಬರಿನ ರಾವಣನಿಗೆ ಒಂದು ತಲೆ ಹೋದರೆ ಲೆಕ್ಕಕ್ಕೇ ಇಲ್ಲ.

ಈ ರಾವಣನನ್ನು ಹಿಡಿಯಲು ಸರಕಾರ ಸುಮ್ಮನೆ ಕೂತಿದೆ ಎಂದು ಯಾರೂ ದೂರುವಂತಿಲ್ಲ. ‘ನನಗೆ ಫೋನು ಮಾಡಬೇಡಿ’ ಎಂದು ಹೆಸರು ಬರೆಸುವ ಪುಸ್ತಕವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2007ರಲ್ಲೇ ತೆರೆಯಿತು. ಸಾಲಲಿಲ್ಲ, 2011ರಲ್ಲಿ ಹೊಸ ನಿಯಮ ಬಂತು. ಮಾರಾಟದ ಕರೆಗಳೆಲ್ಲ 140ರಿಂದ ಶುರುವಾಗಬೇಕು ಎಂದಾಯಿತು. ಅದೂ ಸಾಲಲಿಲ್ಲ, 2018ರಲ್ಲಿ ಬ್ಲಾಕ್‌ಚೈನ್ ತಂತ್ರಜ್ಞಾನವನ್ನೇ ತಂದು ಕೂರಿಸಿದರು. ಬ್ಲಾಕ್ ಬಂತು, ಚೈನೂ ಬಂತು. ಕರೆ ನಿಲ್ಲಲಿಲ್ಲ. ಕಾರಣ ಬಹಳ ಸರಳ. 140 ಎಂದು ಬಂದರೆ ನಾವು ಎತ್ತುವುದಿಲ್ಲ, ನಾವು ಎತ್ತುವುದಿಲ್ಲವೆಂದು ಅವರು ಮಾಮೂಲಿ ಹತ್ತಂಕಿಯ ನಂಬರಿನಿಂದ ಮಾಡುತ್ತಾರೆ. ಕಳ್ಳನಿಗೆ ಸಮವಸ್ತ್ರ ಹೊಲಿಸಿ ಕೊಟ್ಟರೆ ಕಳ್ಳತನದ ದಿನ ಅವನು ಅದನ್ನು ಹಾಕಿಕೊಂಡು ಬರುತ್ತಾನೆಯೇ? ಈಗ ಬ್ಯಾಂಕು, ಸರಕಾರಗಳ ಅಸಲಿ ಕರೆಗೆ 1600 ಎಂಬ ಸರಣಿ ಬಂದಿದೆ. ಅದನ್ನೂ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಂಬರು ವಿಚಿತ್ರವಾಗಿದೆಯಂತೆ.

ನಾನೂ 1909ಕ್ಕೆ ‘ಸ್ಟಾರ್ಟ್ 0’ ಎಂದು ಸಂದೇಶ ಕಳಿಸಿದವನೇ. ಬೇಡ ಎನ್ನುವುದಕ್ಕೆ ಸ್ಟಾರ್ಟ್ ಎಂದೇಕೆ ಬರೆಯಬೇಕು ಎಂದು ಅರ್ಧ ದಿನ ಯೋಚಿಸಿ, ತಡೆಯನ್ನು ಸ್ಟಾರ್ಟ್ ಮಾಡುವುದು ಎಂದು ಅರ್ಥ ಮಾಡಿಕೊಂಡು ಕಳಿಸಿದೆ. ಸೊನ್ನೆ ಎಂದರೆ ಎಲ್ಲವೂ ಬೇಡ. ಬಿಡಿಬಿಡಿಯಾಗಿಯೂ ಆರಿಸಿಕೊಳ್ಳಬಹುದು: ಬ್ಯಾಂಕು ಮತ್ತು ವಿಮೆ ಒಂದು, ಸೈಟು ಮನೆ ಎರಡು, ಶಿಕ್ಷಣ ಮೂರು, ಆರೋಗ್ಯ ನಾಲ್ಕು, ಹೀಗೇ ಮುಂದಕ್ಕೆ ಪ್ರವಾಸದವರೆಗೆ, ಕಡೆಗೆ ತಿಂಡಿ ತೀರ್ಥದವರೆಗೆ. ಬಂಧುಗಳು ಎಂಬ ವರ್ಗ ಅದರಲ್ಲಿಲ್ಲ.

ನಿಜ ಹೇಳಬೇಕೆಂದರೆ ಇವಕ್ಕೆಲ್ಲ ಮೀರಿದ ಉಪಾಯ ಬೆಂಗಳೂರಿನಲ್ಲಿ ನಮಗೆ ತಾನಾಗಿ ದೊರಕಿದೆ. ಆ ಕಡೆಯಿಂದ ಹಿಂದಿಯಲ್ಲಿ ಶುರು ಮಾಡಿದ ಕೂಡಲೇ “ಕನ್ನಡದಲ್ಲಿ ಹೇಳಿ” ಎನ್ನಿ. ಫೋನು ಅವರೇ ಇಡುತ್ತಾರೆ.

ಇನ್ನು ಸೆಟ್ಟಿಂಗಿನ ವಿಷಯ. ಆ ಪಟ್ಟಿಯ ಮೇಲ್ಭಾಗದಲ್ಲೇ ‘ಅಪರಿಚಿತ’ ಎಂಬುದೊಂದು ಗುಂಡಿ ಇರುತ್ತದೆ. ಅದನ್ನು ಕಂಡಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಒತ್ತಿದೆ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ನೆಲಮಂಗಲದ ಸೈಟು ಬಂತು, ಹತ್ತಕ್ಕೆ ಲೋನ್ ಬಂತು. ಆಮೇಲೆ ತಿಳಿಯಿತು, ಆ ಗುಂಡಿ ತಡೆಯುವುದು ನಮಗೆ ಪರಿಚಯವಿಲ್ಲದವರನ್ನಲ್ಲ, ತಮ್ಮ ನಂಬರನ್ನೇ ತೋರಿಸದೆ ಮುಚ್ಚಿಟ್ಟು ಮಾಡುವವರನ್ನು. ಅಂಥ ಫೋನು ನನಗೆ ಜೀವಮಾನದಲ್ಲಿ ಬಂದದ್ದು ಎರಡೋ ಮೂರೋ. ಮುಖ ಮುಚ್ಚಿಕೊಂಡು ಬಂದವನಿಗೆ ಪ್ರವೇಶವಿಲ್ಲ, ಹಲ್ಲು ಕಿರಿದುಕೊಂಡು ಬಂದವನಿಗೆ ಸ್ವಾಗತ.

ನನ್ನ ಭಾವಮೈದುನನದ್ದು ಐಫೋನು. ಅದರಲ್ಲಿ 2019ರಿಂದ ತದ್ವಿರುದ್ಧವಾದ ಗುಂಡಿಯಿದೆ. ಅದನ್ನು ಒತ್ತಿದರೆ ಹೆಸರು ಸೇವ್ ಮಾಡಿಕೊಳ್ಳದ, ತಾನೂ ಹಿಂದೆ ಕರೆ ಮಾಡಿರದ ನಂಬರುಗಳ ಫೋನೆಲ್ಲ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತವೆ. ಮೂರು ತಿಂಗಳು ಅವನು ಪರಮ ಸುಖಿಯಾಗಿದ್ದ. ಆ ಮೂರು ತಿಂಗಳಲ್ಲಿ ಅವನಿಗೆ ಸಿಕ್ಕದೆ ಹೋದವರು: ಕೊರಿಯರ್ ಹುಡುಗ ಆರು ಸಲ, ಗ್ಯಾಸಿನವನು ಎರಡು ಸಲ, ಮಗಳು ಮೆಟ್ಟಿಲಿನಿಂದ ಬಿದ್ದು ಮೊಣಕೈ ತರಚಿಕೊಂಡಳೆಂದು ಹೇಳಲು ಶಾಲೆಯ ಆಯಾ ಒಂದು ಸಲ. ಆ ಕೊನೆಯದರ ನಂತರ ಅವನ ಹೆಂಡತಿ ಆ ಗುಂಡಿಯನ್ನು ಆರಿಸಿದಳು. ಅವನನ್ನೂ ಒಂದು ವಾರ ಮಾತಿನಿಂದ ಹೊರಗಿಟ್ಟಳು. ಅದಕ್ಕೆ ಯಾವ ಸೆಟ್ಟಿಂಗೂ ಬೇಕಾಗಲಿಲ್ಲ.

ಇದೆಲ್ಲಕ್ಕಿಂತ ಚೆಲುವಾದದ್ದು ಇಲಾಖೆಗಳ ಸಮನ್ವಯ. ಫೋನಿನಲ್ಲಿ ಬ್ಲಾಕ್ ಮಾಡಿದರೆ ಕರೆಗೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಅನ್ವಯ. ವಾಟ್ಸಾಪಿನದ್ದು ಬೇರೆಯೇ ಪಟ್ಟಿ, ಅಲ್ಲಿಗೆ ಹೋಗಿ ಪ್ರೈವೆಸಿಯೊಳಗೆ ಇನ್ನೊಂದು ಸಲ ಬಹಿಷ್ಕಾರ ಹಾಕಬೇಕು. ನಂಬರು ಹೇಳುವ ಆ್ಯಪ್ ಇಟ್ಟುಕೊಂಡಿದ್ದರೆ ಅದರದ್ದು ಮೂರನೆಯದು. ದುಡ್ಡು ಕಳಿಸುವ ಆ್ಯಪಿನದು ನಾಲ್ಕನೆಯದು. ತಾಲ್ಲೂಕು ಕಚೇರಿಯ ಒಂದು ಟೇಬಲ್ಲಿನವರಿಗೆ ಇನ್ನೊಂದು ಟೇಬಲ್ಲಿನವರು ಗೊತ್ತಿಲ್ಲದ ಹಾಗೆ ಇವಕ್ಕೂ ಪರಸ್ಪರ ಪರಿಚಯವಿಲ್ಲ. ಷಡ್ಡಕರನ್ನು ನಾನು ಫೋನಿನಲ್ಲೂ ವಾಟ್ಸಾಪಿನಲ್ಲೂ ತಡೆದಿದ್ದೆ. ಆದರೂ ಬೆಳಗ್ಗೆ ಐದೂಮುಕ್ಕಾಲಿಗೆ ಅವರ ‘ಶುಭೋದಯ’ ಗುಲಾಬಿ ತಪ್ಪದೆ ಬರುತ್ತಿತ್ತು. ಯಾಕೆಂದರೆ ವಾಟ್ಸಾಪಿನಲ್ಲಿ ಒಬ್ಬರನ್ನು ಬ್ಲಾಕ್ ಮಾಡಿದರೂ ಇಬ್ಬರೂ ಇರುವ ಗ್ರೂಪಿನಲ್ಲಿ ಅವರು ಹಾಕಿದ್ದು ನಮಗೆ ಕಾಣುತ್ತದೆ. ಮಾವನ ಮನೆಯ ಗ್ರೂಪಿನಿಂದ ಹೊರಗೆ ಹೋಗುವ ಗುಂಡಿಯೂ ಇದೆ. ಅದನ್ನು ಒತ್ತಿದ ಅಳಿಯ ಆ ಮನೆತನದ ಇತಿಹಾಸದಲ್ಲಿ ಇಲ್ಲ.

ಬ್ಲಾಕ್ ಆದವರು ಫೋನು ಮಾಡಿದರೆ ಕೆಲವು ಫೋನುಗಳು ಸುಮ್ಮನಿದ್ದೂ ಸುಮ್ಮನಿರುವುದಿಲ್ಲ. ಕರೆಗಳ ದಾಖಲೆಯಲ್ಲಿ ‘ಇಂಥವರು ಬಂದಿದ್ದರು, ತಡೆಯಲಾಯಿತು’ ಎಂದು ಬರೆದಿಡುತ್ತವೆ. ಗೇಟಿನಲ್ಲೇ ಓಡಿಸಿದ ಭಿಕ್ಷುಕನ ಸುದ್ದಿಯನ್ನು ಮೂರನೇ ಮಹಡಿಗೆ ಹತ್ತಿ ಬಂದು ಹೇಳಿ ಹೋಗುವ ವಾಚ್‌ಮನ್ನಿನ ಹಾಗೆ. ಆಂಡ್ರಾಯ್ಡಿನಲ್ಲಿ 112ರಂಥ ತುರ್ತು ನಂಬರಿಗೆ ನೀವು ಕರೆ ಮಾಡಿದರೆ ಸ್ವಲ್ಪ ಕಾಲ ತಡೆಯೇ ರದ್ದಾಗುತ್ತದೆ. ಆಂಬುಲೆನ್ಸಿನವರೋ ಪೊಲೀಸರೋ ತಿರುಗಿ ಮಾಡಿದರೆ ಸಿಗಲಿ ಎಂಬ ಒಳ್ಳೆಯ ಉದ್ದೇಶ. ನನ್ನ ಮಟ್ಟಿಗೆ ಅದರರ್ಥ, ನನಗೆ ಎದೆನೋವು ಬಂದ ದಿನ ಸರಿಯಾಗಿ ಹೆಲ್ತ್ ಪಾಲಿಸಿಯವರ ಫೋನೂ ಬರುತ್ತದೆ.

ಇಷ್ಟೆಲ್ಲ ಕಾವಲಿರುವ ಈ ದೇಶದಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬುದೊಂದು ನಡೆಯುತ್ತಿದೆ. 2024ರ ಅಕ್ಟೋಬರಿನ ಮನದ ಮಾತಿನಲ್ಲಿ ಪ್ರಧಾನಿಯವರೇ, ಕಾನೂನಿನಲ್ಲಿ ಹಾಗೊಂದು ಇಲ್ಲವೇ ಇಲ್ಲ ಎಂದು ಎಚ್ಚರಿಸಬೇಕಾಯಿತು. ಸೋದರಮಾವನ ಫೋನು ಎರಡು ನಿಮಿಷಕ್ಕಿಂತ ಹೆಚ್ಚು ಎಳೆದರೆ “ಬಾಗಿಲಿಗೆ ಯಾರೋ ಬಂದ್ರು” ಎನ್ನುವ ನಾವೇ, ಯಾವನೋ ಖಾಕಿ ತೊಟ್ಟವನು ವಿಡಿಯೋ ಕಾಲಿನಲ್ಲಿ ಗದರಿದರೆ ಊಟ ನಿದ್ದೆ ಬಿಟ್ಟು ಕ್ಯಾಮೆರಾದ ಮುಂದೆ ಕೂರುತ್ತೇವೆ, ಎಫ್‌ಡಿ ಮುರಿಸಿ ಕಳಿಸುತ್ತೇವೆ. ಬ್ಲಾಕ್ ಗುಂಡಿ ಆಗಲೂ ಅದೇ ಪರದೆಯ ಮೇಲೆ ಇರುತ್ತದೆ. ಬೆರಳು ಏಳುವುದಿಲ್ಲ. ನಮ್ಮ ಬೆರಳಿನ ಶೌರ್ಯ ಬಾಡಿಗೆದಾರನ ಮೇಲೆ, ಪ್ಲಂಬರಿನ ಮೇಲೆ. 1930 ಎಂಬ ಸಹಾಯವಾಣಿ ನೆನಪಾಗುವುದು ದುಡ್ಡು ಹೋದ ಮೇಲೆ. ಬೇಗ ಮಾಡಿದಷ್ಟೂ ಒಳ್ಳೆಯದು ಎಂಬುದು ಮಾತ್ರ ನಗುವ ಮಾತಲ್ಲ.

ಕರೆ ಮಾಡುವವರ ಹೆಸರನ್ನೇ ಪರದೆಯ ಮೇಲೆ ತೋರಿಸಿಬಿಡಿ ಎಂದು ಟ್ರಾಯ್ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಬರೆದ ಹೆಸರು ಕಾಣಬೇಕಂತೆ. ನನ್ನ ಸಿಮ್ಮು ತೆಗೆದುಕೊಂಡದ್ದು ಅಪ್ಪನ ಹೆಸರಿನಲ್ಲಿ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಇನ್ನು ಮೇಲೆ ನಾನು ಊರಿಗೆ ಫೋನು ಮಾಡಿದರೆ ಚಿಕ್ಕಪ್ಪ ಎತ್ತುವ ಮೊದಲು ಕೂತುಕೊಳ್ಳುವುದು ಒಳ್ಳೆಯದು.

ಅಂದು ರಾತ್ರಿ ಪಟ್ಟಿ ನೋಡುತ್ತಾ ನೋಡುತ್ತಾ ಮನಸ್ಸು ಕರಗಿತು. ಬಾಡಿಗೆದಾರನನ್ನು ಬಿಡುಗಡೆ ಮಾಡಿದೆ. ಬೆಳಗ್ಗೆ ಎದ್ದವನೇ ಧೈರ್ಯ ಮಾಡಿ ಫೋನನ್ನೂ ಮಾಡಿದೆ, ಅಡ್ವಾನ್ಸಿನ ಅರ್ಧವಾದರೂ ಕೊಟ್ಟುಬಿಡೋಣವೆಂದು. ಆ ಕಡೆ ಒಬ್ಬ ಹೆಂಗಸಿನ ದನಿ, ಗದಗದಿಂದ.

“ಯಾರ್ರೀ? ಈ ನಂಬರ ನಾ ತಗೊಂಡು ಒಂದೂವರಿ ವರ್ಷ ಆತು. ಅವ ಯಾರೋ ಏನೋ, ದಿನಾ ಒಬ್ಬರು ಅವನ್ನ ಕೇಳ್ಕೋತ ಮಾಡ್ತೀರಿ. ರೊಟ್ಟಿ ಬಡಿಯೂ ಹೊತ್ತಿಗೇ ಮಾಡ್ತೀರಿ.”

ತಪ್ಪು ಅವರದ್ದಲ್ಲ. ರದ್ದಾದ ನಂಬರನ್ನು 90 ದಿನ ಹಾಗೇ ಇಟ್ಟು, ಆಮೇಲೆ ಹೊಸಬರಿಗೆ ಕೊಡಬಹುದು. 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಟ್ರಾಯ್ ಹೇಳಿದ್ದೂ ಇದನ್ನೇ. ಅಂದರೆ ನನ್ನ ಜೈಲಿನ ಒಂದು ಕೋಣೆಯಲ್ಲಿ ಒಂದೂವರೆ ವರ್ಷದಿಂದ ಗದಗಿನ ಒಬ್ಬ ತಾಯಿ ಏನೂ ಅರಿಯದೆ ಕೂತಿದ್ದರು. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳೋಣವೆಂದು ಸಂಜೆ ಮತ್ತೆ ಮಾಡಿದೆ. ಒಂದು ರಿಂಗ್ ಆಯಿತು, ಕಟ್ ಆಯಿತು.

ಪ್ಲಂಬರನ್ನೂ ಬಿಟ್ಟೆ, ಕವಿಗಳನ್ನೂ ಬಿಟ್ಟೆ. ಸೈಟಿನ ಮೂವತ್ತೇಳು ನಂಬರುಗಳನ್ನು ಹಾಗೇ ಉಳಿಸಿದೆ, ಅವುಗಳ ಒಳಗೆ ಈಗ ಯಾರು ಕೂತಿದ್ದಾರೋ ಆ ದೇವರಿಗೇ ಗೊತ್ತು. ಕೊನೆಗೆ ಷಡ್ಡಕರ ನಂಬರಿನ ಪಕ್ಕದ ಇಂಟು ಗುರುತಿನ ಮೇಲೆ ಬೆರಳಿಟ್ಟೆ, ಕಣ್ಣು ಮುಚ್ಚಿ ಒತ್ತಿದೆ. ಮರುದಿನ ಹನ್ನೊಂದಕ್ಕೆ ಫೋನು ಬಂತು.

“ನೋಡಿದ್ರಾ ಭಾವ, ನಮ್ಮ ಹುಡುಗಿ ಕೈ ಇಟ್ಟಿದ್ದೇ ಇಟ್ಟಿದ್ದು, ಸರಿಹೋಯ್ತು. ಈಗ ಕೇಳಿ, ವರ್ಷಕ್ಕೆ ಬರೀ ನಲವತ್ತೆಂಟು ಸಾವಿರ...”

ನಲವತ್ತು ನಿಮಿಷ ಮಾತಾಡಿದರು. ಇಟ್ಟ ಮೇಲೆ ನಿಯಮ ತೆರೆದು ನೋಡಿದೆ. ನೋಂದಾಯಿಸಿಕೊಳ್ಳದೆ ಮಾಮೂಲಿ ಹತ್ತಂಕಿಯ ನಂಬರಿನಿಂದ, ಬೇಡ ಎಂದವರಿಗೆ ವಿಮೆ ಮಾರುವವರ ಮೇಲೆ 1909ಕ್ಕೆ ದೂರು ಕೊಡಬಹುದು. ಕರೆ ಬಂದ 3 ದಿನದೊಳಗೆ ಕೊಡಬೇಕಿತ್ತು, 2025ರ ತಿದ್ದುಪಡಿಯಲ್ಲಿ ಅದನ್ನು 7 ದಿನ ಮಾಡಿದ್ದಾರೆ. ಷಡ್ಡಕರಿಗೆ ವಿನಾಯಿತಿ ಎಂದು ಎಲ್ಲೂ ಬರೆದಿಲ್ಲ. ಆದರೆ ಮಾರುವವರ ಮೇಲೆ ಕ್ರಮ ಆಗಬೇಕಾದರೆ ಹತ್ತು ದಿನದೊಳಗೆ ಐದು ದೂರು ಬೀಳಬೇಕು. ನಮ್ಮ ಮಾವನಿಗೆ ಅಳಿಯಂದಿರು ಮೂವರೇ, ಅದರಲ್ಲಿ ಒಬ್ಬರು ಅವರೇ. ಮಗಳಿಗೆ ಇಯರ್‌ಫೋನ್ ಕೊಡಿಸಿಯಾಗಿದೆ, ಅವಳದ್ದೊಂದು ಸಿಗಬಹುದು. ಇನ್ನೂ ಇಬ್ಬರು ಬೇಕು. ತಿಪಟೂರು, ಅರಸೀಕೆರೆ ಕಡೆಯ ಓದುಗರಲ್ಲಿ ಗೃಹಪ್ರವೇಶದ ದಿನವೇ ಪಾಲಿಸಿಯ ಮಾತು ಕೇಳಿಸಿಕೊಂಡವರು ಯಾರಾದರೂ ಇದ್ದರೆ ದಯಮಾಡಿ ಮುಂದೆ ಬರಬೇಕು. ಸಂದೇಶಕ್ಕೆ ಖರ್ಚಿಲ್ಲ.